ಹಳೆಯ ಲೈಬ್ರರಿ ಫೋಲ್ಡರನ್ನು ಹೊತ್ತು ತರಬೇಡಿ

ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನ ಹೊಸ ಆವೃತ್ತಿ ಈಗ ಪ್ರತಿ ಅಕ್ಟೋಬರ್‌ನಲ್ಲಿ ಬರುತ್ತದೆ. ಅದರ ಬೆನ್ನಿಗೇ ನನಗೆ ಕರೆಗಳೂ ಬರುತ್ತವೆ: "ಅಪ್‌ಗ್ರೇಡ್ ಮಾಡಿದೆ ಸರ್, ಲೈಬ್ರರಿಗಳೆಲ್ಲ ಮಾಯವಾಗಿವೆ." ಮಾಯವಾಗಿಲ್ಲ. 3.11ರಿಂದ 3.12ಕ್ಕೆ ಬಂದವರನ್ನೇ ತೆಗೆದುಕೊಳ್ಳಿ: ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ, ನಾವು ಹಾಕಿಕೊಂಡು ಬಳಸುವ ಸಿದ್ಧ ಕೋಡ್, 3.11ರ ಸೈಟ್-ಪ್ಯಾಕೇಜಸ್ ಎಂಬ ಫೋಲ್ಡರಿನಲ್ಲಿ ಇದ್ದ ಹಾಗೆಯೇ ಇವೆ, 3.12 ತನ್ನದೇ ಫೋಲ್ಡರನ್ನು ನೋಡುತ್ತದೆ, ಅಷ್ಟೇ. ನನ್ನ ತಲೆನೋವು ಇದಲ್ಲ. ಕರೆ ಮಾಡುವ ಮೊದಲೇ ಅವರು ಹಳೆಯ ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಅನಾಮತ್ತಾಗಿ ಹೊಸದಕ್ಕೆ ನಕಲು ಮಾಡಿರುತ್ತಾರೆ.

ಇದು ಪೂರ್ತಿ ಕೈಕೊಟ್ಟಿದ್ದರೆ ಒಳ್ಳೆಯದಿತ್ತು. ಆದರೆ ಅರ್ಧ ನಡೆಯುತ್ತದೆ. ಬರೀ ಪೈಥಾನ್‌ನಲ್ಲೇ ಬರೆದ ಲೈಬ್ರರಿಗಳು ಸಾಮಾನ್ಯವಾಗಿ ತಕರಾರಿಲ್ಲದೆ ಓಡುತ್ತವೆ. ಆ ಧೈರ್ಯದ ಮೇಲೆ ಲೆಕ್ಕ, ದತ್ತಾಂಶಗಳ ಲೈಬ್ರರಿಗಳಾದ ನಮ್‌ಪೈ, ಪಾಂಡಾಸ್‌ಗಳಿಗೆ ಕೈ ಹಾಕಿದೊಡನೆ ಎಲ್ಲ ಕುಸಿಯುತ್ತದೆ. ಇವುಗಳ ಒಡಲಲ್ಲಿ ಮುಂಚೆಯೇ ಕಂಪೈಲ್ ಮಾಡಿ, ಅಂದರೆ ಯಂತ್ರಸಂಕೇತಕ್ಕೆ ಇಳಿಸಿ, ಇಟ್ಟ ಕಡತಗಳಿರುತ್ತವೆ. ಲಿನಕ್ಸ್‌ನಲ್ಲಾದರೆ ಅಂಥ ಒಂದು ಕಡತದ ಹೆಸರನ್ನು ನೀವೇ ನೋಡಿ. ನಡುವೆ 'ಸಿಪೈಥಾನ್-311' (cpython-311) ಎಂದಿರುತ್ತದೆ. 3.12 ಅದನ್ನು ಮೂಸಿಯೂ ನೋಡುವುದಿಲ್ಲ, ಅದಕ್ಕೆ ಬೇಕಾದದ್ದು 312. ನಮ್‌ಪೈ ಪಾಪ, 'ದಯವಿಟ್ಟು ಇದನ್ನು ಓದಿ' ಎಂದು ದೋಷಸಂದೇಶದಲ್ಲಿ ದೊಡ್ಡಕ್ಷರಗಳಲ್ಲಿ ಗೋಗರೆದು, ಯಾವ ಪೈಥಾನ್‌ನಲ್ಲಿ ಓಡುತ್ತಿದ್ದೇನೆ ಎಂಬುದನ್ನೂ ಹೇಳುತ್ತದೆ. ಓದುವವರು ಯಾರು?

ಒಬ್ಬ ಸಂಶೋಧಕರು ಮಾತ್ರ ಓದಿದ್ದರು. ಓದಿ, ಎಲ್ಲ ಕಡತಗಳ ಹೆಸರಿನಲ್ಲೂ 311ನ್ನು 312 ಎಂದು ತಿದ್ದಿದ್ದರು! ಅವರ ಜಾಣ್ಮೆಯನ್ನು ಮೆಚ್ಚಿಕೊಂಡೇ ಹೇಳುತ್ತೇನೆ: ಹೆಸರು ತಿದ್ದಿದರೆ ಒಳಗಿನ ಯಂತ್ರಸಂಕೇತ ಬದಲಾಗುವುದಿಲ್ಲ. ಪೂರ್ಣಾಂಕಗಳನ್ನು ಮೆಮೊರಿಯಲ್ಲಿ ಇಡುವ ಕ್ರಮವೇ 3.12ರಲ್ಲಿ ಬೇರೆಯಾಗಿದೆ. ಹಳೆಯ ಕ್ರಮವನ್ನು ನಂಬಿದ ಕಡತ ಲೆಕ್ಕ ತಪ್ಪಿ ಇನ್ನೆಲ್ಲೋ ಓದುತ್ತದೆ. ಮೊದಲು ದೋಷಸಂದೇಶವಾದರೂ ಬರುತ್ತಿತ್ತು. ಈಗ ಪ್ರೋಗ್ರಾಂ ಓಡುತ್ತಿದ್ದಂತೆಯೇ ಸತ್ತುಹೋಗುತ್ತಿತ್ತು.

ಅಪವಾದಗಳಿವೆ. ಹೆಸರಿನಲ್ಲಿ 'ಎಬಿಐ3' (abi3) ಎಂದಿರುವ ಕಡತಗಳನ್ನು ಹಲವು ಆವೃತ್ತಿಗಳಿಗೆ ಒಗ್ಗುವಂತೆಯೇ ಕಟ್ಟಿರುತ್ತಾರೆ. 3.12.1ರಿಂದ 3.12.4ಕ್ಕೆ ಹೋಗುವವರಿಗೆ ಫೋಲ್ಡರ್ ಬದಲಾಗುವುದೇ ಇಲ್ಲ, ಅವರು ಸುಮ್ಮನಿರಬಹುದು.

ಉಳಿದವರು ಹಳೆಯ ಪೈಥಾನನ್ನು ಅಳಿಸುವ ಮೊದಲೇ ಅದರ ಪಿಪ್‌ನಿಂದ (ಲೈಬ್ರರಿಗಳನ್ನು ತಂದು ಹಾಕುವ ಸಾಧನ) ಲೈಬ್ರರಿಗಳ ಪಟ್ಟಿ ತೆಗೆಯಬೇಕು. ಪಿಪ್ ಫ್ರೀಜ್ (pip freeze) ಆದೇಶ ಕೊಡುವ ಪಟ್ಟಿಯನ್ನು ಹಾಗೇ ಹೊಸದಕ್ಕೆ ಉಣಿಸಬೇಡಿ. ಅದು ಹಳೆಯ ಆವೃತ್ತಿಸಂಖ್ಯೆಗಳನ್ನೇ ಕೇಳುತ್ತದೆ. 3.12ಕ್ಕೆ ಸಿದ್ಧ ವೀಲ್ (ಮೊದಲೇ ಕಟ್ಟಿಟ್ಟ ಪ್ಯಾಕೇಜ್) ಇಲ್ಲದ ಲೈಬ್ರರಿಯನ್ನು ಪಿಪ್ ಮೂಲದಿಂದ ಕಟ್ಟಲು ಹೊರಡುತ್ತದೆ, ಹಾಗೆ ಕಟ್ಟುವ ಕೆಲಸಕ್ಕೆ ಪೈಥಾನ್ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್ ಅನ್ನು ನೆಚ್ಚಿಕೊಂಡ ಹಳೆಯ ಲೈಬ್ರರಿಗಳು ಅಲ್ಲೇ ಮುಗ್ಗರಿಸಬಹುದು, 3.12ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ನೀವು ನೇರವಾಗಿ ಬಳಸುವ ಲೈಬ್ರರಿಗಳ ಹೆಸರಷ್ಟನ್ನೇ ಬರೆದುಕೊಳ್ಳಿ, ಉಳಿದವನ್ನು ಪಿಪ್ ತಾನೇ ಎಳೆದು ತರುತ್ತದೆ. 3.12ರಿಂದಲೇ ಹೊಸ ವೆನ್ವ್ (ಒಂದು ಕೆಲಸಕ್ಕೆಂದೇ ಪ್ರತ್ಯೇಕವಾಗಿಡುವ ಪೈಥಾನ್ ಪರಿಸರ, venv) ರಚಿಸಿ, ಅದರೊಳಗಿನ ಪಿಪ್‌ನಿಂದಲೇ ಹಾಕಿಕೊಳ್ಳಿ. ಹಳೆಯ ವೆನ್ವ್ ಅನ್ನು ಸರಿಪಡಿಸುವುದಕ್ಕಿಂತ ಅಳಿಸುವುದು ಸುಲಭ.

ಇಷ್ಟಾದರೂ ಹಳೆಯ ತಕರಾರೇ ಮುಂದುವರಿದರೆ ಟರ್ಮಿನಲ್‌ನ ಶೆಲ್ ಸೆಟ್ಟಿಂಗ್ ಕಡತವನ್ನು (.bashrcನಂಥದ್ದು) ತೆರೆದು 'ಪೈಥಾನ್‌ಪಾತ್' (PYTHONPATH) ಎಂದು ಹುಡುಕಿ. ಲೈಬ್ರರಿಗಳನ್ನು ಇನ್ನೆಲ್ಲಿ ಹುಡುಕಬೇಕು ಎಂದು ಪೈಥಾನ್‌ಗೆ ಹೇಳುವ ಸಾಲು ಅದು. ಎಂದೋ ಯಾರದೋ ಸಲಹೆ ಕೇಳಿ 3.11ರ ಫೋಲ್ಡರನ್ನು ಅಲ್ಲಿ ಸೇರಿಸಿ ಮರೆತಿರುತ್ತೀರಿ. ಆ ಸಾಲನ್ನು ಅಳಿಸಿ, ಹೊಸ ಟರ್ಮಿನಲ್ ತೆರೆದು ನೋಡಿ. ಅದಕ್ಕೂ ಬಗ್ಗದಿದ್ದರೆ ಕರೆ ಮಾಡಿ. ಆದರೆ ಅಷ್ಟರೊಳಗೆ ಏನನ್ನೂ ನಕಲು ಮಾಡಬೇಡಿ.