ರ‍್ಯಾಂಕ್ ಜೊತೆ ವಾರವನ್ನೂ ಕಳಿಸಿ

ಎಐ ಏಜೆಂಟ್‌ಗಳಿಗೆ, ಅಂದರೆ ನಮ್ಮ ಪರವಾಗಿ ಕೆಲಸ ಮಾಡುವ ಎಐ ಪ್ರೋಗ್ರಾಂಗಳಿಗೆ, ಟೂಲ್ ಬರೆದುಕೊಡುವುದು ನನ್ನ ಕೆಲಸ. ಟೂಲ್ ಎಂದರೆ ಏಜೆಂಟ್ ಕೇಳಿದ ಮಾಹಿತಿ ತಂದುಕೊಡುವ ಪುಟ್ಟ ಕೋಡ್. ಗಾಲ್ಫ್ ರ‍್ಯಾಂಕಿಂಗ್ ತಂದುಕೊಡುವ ಟೂಲ್ ಬೇಕೆಂದು ಬರುವವರು ಮೊದಲ ದಿನ ಒಂದೇ ಮಾತು ಹೇಳುತ್ತಾರೆ. "ಆಟಗಾರನ ಹೆಸರು ಕೊಡ್ತೀವಿ, ರ‍್ಯಾಂಕ್ ಬರಲಿ. ಒಂದು ನಂಬರ್ ಸಾಕು." ಪಟ್ಟಿ ಪ್ರತಿ ಸೋಮವಾರ ಹೊಸದಾಗುತ್ತದೆ, ಹಾಗಾಗಿ ಯಾವ ವಾರದ್ದು ಎಂದು ಕೇಳುತ್ತೇನೆ. "ಈಗಿನದು" ಎನ್ನುತ್ತಾರೆ.

"ಈಗ" ಅಂದರೆ ಏನು ಅಂತ ನಮಗೆ ಗೊತ್ತು, ಕಣ್ಣೆದುರು ಕ್ಯಾಲೆಂಡರ್ ಇದೆ. ಏಜೆಂಟ್‌ಗೆ ಟೂಲ್ ಕೊಟ್ಟ ಉತ್ತರವೇ ಗತಿ. ಅದರ ಕೈಗೆ ಬರೀ 7 ಎಂದು ಇಟ್ಟರೆ ಅದು ಈ ಸೋಮವಾರದ 7 ಇರಬಹುದು, ಹೋದ ತಿಂಗಳ 7 ಕೂಡ ಇರಬಹುದು. ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

"ಆಟಗಾರ ಈ ವಾರ ಆಡೇ ಇಲ್ಲ, ರ‍್ಯಾಂಕ್ ಹೇಗೆ ಬದಲಾಗುತ್ತೆ?" ಎಂದು ಕೇಳುವವರು ತುಂಬಾ ಜನ. ಬದಲಾಗುತ್ತದೆ. ಪುರುಷರ ವಿಶ್ವ ರ‍್ಯಾಂಕಿಂಗ್ ಎರಡು ವರ್ಷದ ಲೆಕ್ಕ. ಒಂದು ಟೂರ್ನಿಯಲ್ಲಿ ಸಿಕ್ಕ ಅಂಕಕ್ಕೆ ಮೊದಲ 13 ವಾರ ಪೂರ್ತಿ ಬೆಲೆ. ಆಮೇಲೆ 91 ವಾರ ಅದು ವಾರವಾರವೂ ಸ್ವಲ್ಪ ಸ್ವಲ್ಪ ಕರಗುತ್ತದೆ. ಉಳಿದ ಮೊತ್ತವನ್ನು ಆಡಿದ ಟೂರ್ನಿಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಆ ಸಂಖ್ಯೆ 40ಕ್ಕಿಂತ ಕಮ್ಮಿ ಇದ್ದರೂ 40 ಎಂದೇ ಲೆಕ್ಕ, ಜಾಸ್ತಿ ಅಂದರೆ 52. ಹಾಗಾಗಿ ಮನೆಯಲ್ಲಿ ಕೂತವನ ಅಂಕವೂ ಕರಗುತ್ತಿರುತ್ತದೆ, ಪಕ್ಕದವನ ಅಂಕವೂ ಕರಗುತ್ತಿರುತ್ತದೆ. ಯಾರದು ಬೇಗ ಕರಗಿತು ಎನ್ನುವುದರ ಮೇಲೆ ಸ್ಥಾನ ಅದಲುಬದಲಾಗುತ್ತದೆ.

2014ರ ಮೇ ತಿಂಗಳಲ್ಲಿ ಆದದ್ದು ಇದೇ. ಆಗ ನಂಬರ್ 1 ಆಗಿದ್ದ ಟೈಗರ್ ವುಡ್ಸ್ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಟದಿಂದ ದೂರ ಇದ್ದರು. ಆಡಂ ಸ್ಕಾಟ್ ಕೂಡ ಆ ವಾರ ಆಡಿರಲಿಲ್ಲ. ಆದರೂ ಸೋಮವಾರದ ಪಟ್ಟಿಯಲ್ಲಿ ಸ್ಕಾಟ್ ನಂಬರ್ 1. ಟಾಮ್ ಲೇಮನ್ 1997ರಲ್ಲಿ ನಂಬರ್ 1 ಆದರು, ಒಂದೇ ಒಂದು ವಾರಕ್ಕೆ. ಅವರ ರ‍್ಯಾಂಕ್ ಎಷ್ಟು ಎಂದು ವಾರ ಹೇಳದೆ ಕೇಳಿದರೆ ಯಾವ ಉತ್ತರ ಸರಿ ಎನ್ನೋಣ?

ಒಬ್ಬ ಕ್ಲೈಂಟ್‌ಗೆ ಇದನ್ನೆಲ್ಲ ವಿವರಿಸಿ, ಉತ್ತರದಲ್ಲಿ ತಾರೀಖು ಸೇರಿಸಿಯೇ ಟೂಲ್ ಕೊಟ್ಟಿದ್ದೆ. ಟೋಕನ್ (ಮಾಡೆಲ್ ಓದುವ ಪಠ್ಯದ ಚೂರು, ಇದರ ಲೆಕ್ಕದಲ್ಲೇ ಖರ್ಚು) ಉಳಿಸಲು ಅವರ ತಂಡದವರು ಅದನ್ನು ತೆಗೆದುಹಾಕಿದರು. ಕೆಲವು ವಾರ ಕಳೆದ ಮೇಲೆ ಫೋನ್ ಬಂತು. ಏಜೆಂಟ್ ಬರೆದ ವರದಿಯಲ್ಲಿ ಇಬ್ಬರು ಆಟಗಾರರು ಒಂದೇ ಸ್ಥಾನದಲ್ಲಿದ್ದರು! ಏಜೆಂಟ್ ಒಳಗಿನ ಎಐ ಮಾಡೆಲ್ ಸರಿ ಇಲ್ಲ, ಬದಲಾಯಿಸಬೇಕು ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಅರ್ಧ ದಿನ ಹುಡುಕಿದೆವು. ಒಬ್ಬರ ರ‍್ಯಾಂಕ್ ಕ್ಯಾಶ್‌ನಲ್ಲಿ (ಬೇಗ ಸಿಗಲೆಂದು ಎತ್ತಿಟ್ಟ ಪ್ರತಿಯಲ್ಲಿ) ಉಳಿದಿದ್ದ ಹಳೇ ವಾರದ್ದು, ಇನ್ನೊಬ್ಬರದು ಹೊಸದು. ತಾರೀಖು ಇದ್ದಿದ್ದರೆ ಏಜೆಂಟ್ ತಾನೇ ಗಮನಿಸುವ ಸಾಧ್ಯತೆ ಇತ್ತು. ಖಂಡಿತ ಗಮನಿಸುತ್ತಿತ್ತು ಎಂದು ಹೇಳಲಾರೆ, ಮಾಡೆಲ್‌ಗಳ ವಿಷಯದಲ್ಲಿ ಅಷ್ಟು ಧೈರ್ಯ ನನಗಿಲ್ಲ. ಆದರೆ ವರದಿ ಓದುವ ಮನುಷ್ಯರ ಕಣ್ಣಿಗಾದರೂ ಬೀಳುತ್ತಿತ್ತು, ಅಲ್ವಾ? ಉಳಿಸಿದ್ದು ಎಷ್ಟು? ಒಂದು ತಾರೀಖಿನಷ್ಟು ಟೋಕನ್.

ತಾರೀಖಿನ ಜೊತೆ ಪಟ್ಟಿಯ ಹೆಸರೂ ಬೇಕು. ಭಾರತದ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ಮಹಿಳೆಯರ ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದರು. ಕಣದಲ್ಲಿ ಇದ್ದದ್ದು 60 ಜನ. ಹೇಗೆ? ಒಲಿಂಪಿಕ್ ಪಟ್ಟಿ ಬೇರೆ. ಮೊದಲ 15 ರ‍್ಯಾಂಕ್‌ನೊಳಗಿದ್ದರೆ ಒಂದು ದೇಶದಿಂದ ನಾಲ್ವರವರೆಗೆ ಅವಕಾಶ, ಅದರಾಚೆ ದೇಶಕ್ಕೆ ಇಬ್ಬರು. ಉಳಿದವರನ್ನು ಬಿಟ್ಟುಕೊಂಡು ಹೋದರೆ ಹಿಂದಿನವರು ಮುಂದೆ ಬರುತ್ತಾರೆ. ಒಬ್ಬರೇ ಆಟಗಾರ್ತಿ, ಎರಡು ಪಟ್ಟಿ, ಎರಡು ಸ್ಥಾನ. ಅವರು ಅಲ್ಲಿ ನಾಲ್ಕನೆಯವರಾಗಿ ಮುಗಿಸಿದರು. ನನಗೆ ಅದು ಈಗಲೂ ಖುಷಿ ಕೊಡುವ ವಿಷಯ.

ಹೆಸರು ಪಟ್ಟಿಯಲ್ಲಿ ಸಿಗದಿದ್ದಾಗ ಸುಮ್ನೆ ಖಾಲಿ ಉತ್ತರ ಕಳಿಸಬೇಡಿ. ಖಾಲಿ ಜಾಗ ಕಂಡರೆ ಮಾಡೆಲ್ ತನ್ನ ಹಳೇ ನೆನಪಿನಿಂದ ತುಂಬಿಬಿಡುವ ಅಪಾಯ ಇದೆ. "ಈ ವಾರದ ಈ ಪಟ್ಟಿಯಲ್ಲಿ ಈ ಹೆಸರು ಸಿಗಲಿಲ್ಲ" ಎಂದು ಪೂರ್ತಿ ವಾಕ್ಯವನ್ನೇ ಕೊಡಿ. ಡೇಟಾ ಯಾರದು, ಬಳಸಲು ಅನುಮತಿ ಇದೆಯೇ ಎನ್ನುವುದನ್ನು ನಿಮ್ಮ ವಕೀಲರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಇನ್ನು ಹೆಸರಿನ ವಿಷಯ. 2019ರ ಯುಎಸ್ ಮಹಿಳಾ ಓಪನ್ ಗೆದ್ದವರು ಜಂಗ್‌ಉನ್ ಲೀ6. ಆ 6 ರ‍್ಯಾಂಕ್ ಅಲ್ಲ, ಹೆಸರಿನದೇ ಭಾಗ. ಕೊರಿಯಾದಲ್ಲಿ ಒಂದೇ ಹೆಸರಿನ ಆಟಗಾರ್ತಿಯರು ಹಲವರಿದ್ದುದರಿಂದ ಅಂಕಿ ಸೇರಿಸಿದ್ದಾರೆ. ಲೀ5 ಕೂಡ ಇದ್ದಾರೆ. ಹೆಸರಿನಲ್ಲಿರುವ ಅಂಕಿಗಳನ್ನು ಕಸ ಎಂದು ಅಳಿಸುವ ಕೋಡ್ ನಿಮ್ಮಲ್ಲಿದ್ದರೆ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ. ಹುಡುಕುವುದು ಹೆಸರಿನಿಂದ ಇರಲಿ, ಆದರೆ ಒಳಗೆ ಆಟಗಾರ್ತಿಯ ಐಡಿ ಇಟ್ಟುಕೊಳ್ಳಿ. ಹುಡುಕಿದ್ದಕ್ಕೆ ಒಂದಕ್ಕಿಂತ ಹೆಚ್ಚು ಹೆಸರು ಹೊಂದಿಕೆಯಾದರೆ ಟೂಲ್ ತಾನೇ ಒಂದನ್ನು ಆರಿಸಬಾರದು. ಎಲ್ಲವನ್ನೂ ಏಜೆಂಟ್ ಮುಂದಿಟ್ಟು, ಯಾರು ಬೇಕು ಎಂದು ಬಳಕೆದಾರರನ್ನೇ ಕೇಳಲು ಹೇಳಬೇಕು.