ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದೇ ಇಲ್ಲವಂತೆ, ಹೌದೇ?

ಪ್ರಶ್ನೆ: ಸುರತ್ಕಲ್ಲಿನಲ್ಲಿ ಸಮುದ್ರಕ್ಕೆ ಮುಖ ಮಾಡಿರುವ ಐದನೇ ಮಹಡಿಯ ಫ್ಲ್ಯಾಟ್ ನಮ್ಮದು. ಬಾಲ್ಕನಿಯ ಸ್ಲೈಡಿಂಗ್ ಬಾಗಿಲು ಎಳೆದರೆ ಬಾರದಂತಾಗಿದೆ, ಬದಲಿಸಬೇಕು. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಿಸಿಲಿಗೆ ಬಾಗುತ್ತದೆ, ಅಲ್ಯೂಮಿನಿಯಂಗಾದರೆ ತುಕ್ಕು ಹಿಡಿಯುವ ಮಾತೇ ಇಲ್ಲ ಎಂದು ಫ್ಯಾಬ್ರಿಕೇಟರ್ ಹೇಳುತ್ತಾರೆ. ಮನೆಯವರಿಗೆ ಮರದ್ದೇ ಆಗಬೇಕು. ಯಾವುದನ್ನು ಹಾಕಿಸುವುದು?

ಉತ್ತರ: ಮಳೆಗಾಲ ಕಳೆದು ಮನೆಗೆ ಬಣ್ಣ ಬಳಿಸುವ ಯೋಚನೆ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಊರು ಮಾತ್ರ ಬೇರೆ: ಒಮ್ಮೆ ಉಳ್ಳಾಲ, ಒಮ್ಮೆ ಮಲ್ಪೆ, ಈ ಸಲ ಸುರತ್ಕಲ್. ಅರ್ಧ ಓದಿ ಬಿಡುವವರಿಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆರೇಳು ಅಡಿ ಅಗಲದ ಸಾಮಾನ್ಯ ಬಾಗಿಲಾದರೆ, ಒಳಗೆ ಉಕ್ಕಿನ ಪಟ್ಟಿ ಕೂರಿಸಿದ ಬಿಳಿ ಯುಪಿವಿಸಿ ಹಾಕಿಸಿ. ಹತ್ತು ಹನ್ನೆರಡು ಅಡಿ ಅಗಲಕ್ಕೆ, ನೆಲದಿಂದ ಸೂರಿನವರೆಗೆ ಗಾಜೇ ಬೇಕೆಂದಾದರೆ ಅಲ್ಯೂಮಿನಿಯಂ ಹಾಕಿಸಿ, ಆದರೆ ಮೇಲಿನ ಲೇಪನ ಯಾವುದೆಂದು ಕೇಳಿಯೇ ಹಾಕಿಸಿ. ಮಳೆ ನೇರವಾಗಿ ಬಡಿಯುವ ಕಡೆಗೆ ಮರ ಬೇಡ.

ಇನ್ನು ಆ ತುಕ್ಕಿನ ಮಾತು. ಇದನ್ನು ಎಷ್ಟು ಸಲ ಅಲ್ಲಗಳೆದರೂ ಮತ್ತೆ ಎದ್ದು ಕೂರುತ್ತದೆ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಗಾಳಿ ಸೋಕಿದ ಕ್ಷಣದಲ್ಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಅದು. ಗೀರಿದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ, ಒಳಗಿನ ಲೋಹವನ್ನು ಕಾಯುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅಷ್ಟು ಸಾಕು. ಅಲ್ಲಿ ಕಲಿತ ಪಾಠವನ್ನು ಸುರತ್ಕಲ್ಲಿಗೆ ತಂದರೆ ಕೆಡುತ್ತದೆ. ಕಡಲ ಗಾಳಿಯಲ್ಲಿ ಬರುವ ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತೂತಾದಲ್ಲಿ ಸವೆತ ಅಗಲಕ್ಕೆ ಹರಡುವ ಬದಲು ಆಳಕ್ಕೆ ಇಳಿಯುತ್ತದೆ. ಕೆಂಪಗೆ ಕಾಣುವುದಿಲ್ಲ, ಬಿಳಿ ಹುಡಿಯಾಗಿ ಹೊರಬರುತ್ತದೆ. ಅದನ್ನೇ ಜನ ಸುಣ್ಣದ ಕಲೆಯೆಂದು ಒರೆಸಿಬಿಡುತ್ತಾರೆ. ಉಪ್ಪಿನಕಾಯಿಯನ್ನು ಭರಣಿಯಲ್ಲೇ ಏಕೆ ಹಾಕುವುದು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಏಕೆ ಹಾಕಬಾರದು ಎಂದು ಮನೆಯ ಅಜ್ಜಿಯನ್ನು ಕೇಳಿದ್ದರೆ ನನಗಿಂತ ಚೆನ್ನಾಗಿ ಹೇಳುತ್ತಿದ್ದರು.

ನಂಬಿಕೆ ಬಾರದಿದ್ದರೆ ನಿಮ್ಮ ಹಳೆಯ ಬಾಗಿಲಿನ ಮುಂದೆ ಮಂಡಿಯೂರಿ ಕುಳಿತು ನೋಡಿ. ನಿಂತಲ್ಲಿಂದ ಕಾಣುವ ಭಾಗ ಹೊಳೆಯುತ್ತಲೇ ಇರುತ್ತದೆ. ಕೆಳಗಿನ ಮೂಲೆಗೆ ಬನ್ನಿ, ಚೌಕಟ್ಟಿನ ಎರಡು ಸೆಕ್ಷನ್‌ಗಳನ್ನು ಓರೆಯಾಗಿ ಕತ್ತರಿಸಿ ಜೋಡಿಸಿದ ಜಾಗಕ್ಕೆ. ಆ ಗೆರೆಯಿಂದ ಹೊರಟು ಬಣ್ಣದ ಅಡಿಯಲ್ಲಿ ಎಳೆ ಎಳೆಯಾಗಿ ಉಬ್ಬು ಹರಿದಿರುತ್ತದೆ. ಉಗುರಿನಿಂದ ಮೆಲ್ಲಗೆ ಕೆರೆದರೆ ಬಣ್ಣ ಸಿಪ್ಪೆಯಂತೆ ಎದ್ದುಬರುತ್ತದೆ, ಅಡಿಯಲ್ಲಿ ಆ ಬಿಳಿ ಹುಡಿ. ಪಕ್ಕದಲ್ಲೇ ಒಂದು ಸ್ಕ್ರೂ. ಅದರ ತಲೆ ಕೆಂಪಾಗಿದೆ, ಸುತ್ತಲಿನ ಅಲ್ಯೂಮಿನಿಯಂ ತಿಂದುಹೋಗಿ ತೂತು ದೊಡ್ಡದಾಗಿದೆ, ಸ್ಕ್ರೂ ಅಲ್ಲಾಡುತ್ತದೆ. ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿ ಕುಳಿತರೆ ಪುಟ್ಟ ಬ್ಯಾಟರಿಯೇ ಆಗುತ್ತದೆ, ಅದರಲ್ಲಿ ಸವೆಯುವ ಸರದಿ ಅಲ್ಯೂಮಿನಿಯಂನದು. ಆದ್ದರಿಂದ ಸ್ಕ್ರೂ ಸಹಿತ ಎಲ್ಲವೂ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನದೇ ಇರಲಿ, ಲೋಹಕ್ಕೂ ಲೋಹಕ್ಕೂ ನಡುವೆ ನೈಲಾನ್ ವಾಷರ್ ಇರಲಿ. ಸಾಮಾನ್ಯ 304 ದರ್ಜೆಯಲ್ಲಿ ಇಲ್ಲದ ಮಾಲಿಬ್ಡಿನಂ ಎಂಬ ಲೋಹ 316ರಲ್ಲಿ ಶೇಕಡಾ 2ರಿಂದ 3ರಷ್ಟಿರುತ್ತದೆ, ಕ್ಲೋರೈಡನ್ನು ತಡೆಯುವುದು ಅದೇ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ಪರೀಕ್ಷಿಸುವವರಿದ್ದಾರೆ. ಆ ಪರೀಕ್ಷೆಯಿಂದ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ, ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ಇಲ್ಲಿ ಇನ್ನೊಂದು ತಪ್ಪು ತಿಳುವಳಿಕೆ ಅಡಗಿದೆ. ಬಾಗಿಲು ಹಾಳಾಗುವುದು ಮಳೆಯಿಂದ ಎಂದು ಎಲ್ಲರೂ ಮಳೆಯನ್ನು ಬೈಯುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಹಾಗೆ ಅನ್ನಿಸುವುದು ಸಹಜ. ಆದರೆ ಉಪ್ಪಿನ ಲೆಕ್ಕದಲ್ಲಿ ಮಳೆ ನಮ್ಮ ಪಕ್ಷ, ಅದು ಚೌಕಟ್ಟನ್ನು ತೊಳೆದುಕೊಡುತ್ತದೆ. ಮಳೆ ತಾಗದ ಜಾಗವನ್ನೇ ನೋಡಿ: ಬಾಲ್ಕನಿಯ ಸೂರಿನ ಅಡಿಗೆ ಬರುವ ಮೇಲಿನ ಚೌಕಟ್ಟು, ಹಿಡಿಯ ಹಿಂಬದಿ, ಟ್ರ್ಯಾಕಿನ ಒಳಮೂಲೆ. ನವೆಂಬರಿನಿಂದ ಮೇ ತನಕ ಅಲ್ಲಿ ಉಪ್ಪು ಕೂರುತ್ತಲೇ ಇರುತ್ತದೆ, ಒರೆಸುವವರಿಲ್ಲ. ಗಾಳಿಯ ತೇವ ಶೇಕಡಾ 75 ದಾಟಿತೆಂದರೆ ಉಪ್ಪು ತಾನಾಗಿ ನೀರೆಳೆದುಕೊಂಡು ಕರಗುತ್ತದೆ. ನಮ್ಮ ಕರಾವಳಿಯಲ್ಲಿ ಆ ಮಟ್ಟ ದಾಟುವ ರಾತ್ರಿಗಳಿಗೆ ಬರವಿಲ್ಲ. ಒಂದು ಹನಿ ಮಳೆ ಬೀಳದಿದ್ದರೂ ಆ ಮೂಲೆಗಳು ಉಪ್ಪುನೀರಿನಲ್ಲಿ ನೆನೆದೇ ಇರುತ್ತವೆ. ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ಈ ಮೂಲೆಗಳನ್ನು ಒರೆಸಿದರೆ ಬಾಗಿಲಿನ ಆಯುಷ್ಯ ಎಷ್ಟೋ ಹೆಚ್ಚುತ್ತದೆ. ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮಾಡುವವರು ಕಡಿಮೆ.

ಹಾಗೆಂದು ಅಲ್ಯೂಮಿನಿಯಂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬರಿಯ ಅಲ್ಯೂಮಿನಿಯಂ ಮೇಲೆ ಭರವಸೆ ಇಡಬೇಡಿ, ಲೇಪನದ ಮೇಲೆ ಇಡಿ. ಆನೊಡೈಸಿಂಗ್ (ವಿದ್ಯುತ್ ಹಾಯಿಸಿ ಆಕ್ಸೈಡ್ ಪೊರೆಯನ್ನೇ ದಪ್ಪ ಮಾಡುವುದು) ಆದರೆ ಕಡಲ ಬದಿಗೆ 25 ಮೈಕ್ರಾನ್ ಕೇಳಿ; ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಕಾಯಿಸಿ ಹಿಡಿಸುವುದು) ಆದರೆ 60ರಿಂದ 80 ಮೈಕ್ರಾನ್ ಇರುತ್ತದೆ, ಆದರೆ ದಪ್ಪಕ್ಕಿಂತ ಮುಖ್ಯ ಅದರ ಅಡಿಯಲ್ಲಿ ಲೋಹವನ್ನು ರಾಸಾಯನಿಕವಾಗಿ ತೊಳೆದು ಸಿದ್ಧಪಡಿಸಿದ ಕೆಲಸ. ಯುರೋಪಿನ ಕ್ವಾಲಿಕೋಟ್ ಗುಣಮಟ್ಟದಲ್ಲಿ ಕಡಲತೀರಕ್ಕೆಂದೇ ಸೀಸೈಡ್ ಎಂಬ ಪ್ರತ್ಯೇಕ ದರ್ಜೆಯೊಂದಿದೆ. ಅಲ್ಯೂಮಿನಿಯಂಗೆ ಏನೂ ಆಗದಿದ್ದರೆ ಇಂಥದ್ದೊಂದು ದರ್ಜೆ ಯಾರಿಗೆ ಬೇಕಿತ್ತು? ಸೆಕ್ಷನ್‌ಗೆ ಕಾರ್ಖಾನೆಯಲ್ಲಿ ಲೇಪನ ಆದ ಮೇಲೆ ಅಂಗಡಿಯಲ್ಲಿ ಅದನ್ನು ಕತ್ತರಿಸುತ್ತಾರಲ್ಲ, ಆ ಬೋಳು ಅಂಚಿಗೆ ಸೀಲರ್ ಹಚ್ಚಿಯೇ ಜೋಡಿಸಬೇಕೆಂದು ಮೊದಲೇ ಹೇಳಿಡಿ. ಹಸಿ ಸಿಮೆಂಟೂ ಅಲ್ಯೂಮಿನಿಯಂ ತಿನ್ನುತ್ತದೆ. ಗಾರೆಯವರು ಅಂಚು ಮುಚ್ಚುವಾಗ ಚೌಕಟ್ಟಿನ ಮೇಲಿನ ಟೇಪು ಕಿತ್ತು ಎಸೆಯದಂತೆ ಯಾರಾದರೂ ಹತ್ತಿರ ನಿಂತಿರಲಿ.

ಯುಪಿವಿಸಿ ಬಿಸಿಲಿಗೆ ಬಾಗುತ್ತದೆ ಎಂಬುದಕ್ಕೆ ಇಷ್ಟು ದೊಡ್ಡ ಉತ್ತರ ಬೇಕಿಲ್ಲ. ಅದು ಮೆತ್ತಗಾಗಲು 75 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಬಿಸಿ ಬೇಕು, ಬಿಳಿ ಚೌಕಟ್ಟು ಏಪ್ರಿಲ್ ಬಿಸಿಲಿನಲ್ಲೂ ಅಷ್ಟು ಕಾಯುವುದಿಲ್ಲ. ಮರದ ಬಣ್ಣದ ಗಾಢ ಹಾಳೆ ಅಂಟಿಸಿದ್ದು ಕಾಯುತ್ತದೆ, ಪಡುವಣ ಬಿಸಿಲಿಗೆ ಅದು ಬೇಡ. ಹಿಗ್ಗುವುದು ಮಾತ್ರ ನಿಜ: ಎರಡೂವರೆ ಮೀಟರ್ ಉದ್ದದ ತುಂಡು 30 ಡಿಗ್ರಿ ಹೆಚ್ಚು ಕಾದರೆ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಎರಡಕ್ಕಿಂತ ಕಡಿಮೆ. ಅಷ್ಟು ಜಾಗ ಬಿಡದೆ ಗೋಡೆಗೆ ಗಿಡಿದು ಕೂರಿಸಿದ ಬಾಗಿಲು ಬಾಗಿದರೆ ಅದು ಕೂರಿಸಿದವರ ತಪ್ಪು. ಉಪ್ಪು ಯುಪಿವಿಸಿಗೆ ಏನೂ ಮಾಡುವುದಿಲ್ಲ. ಒಳಗಿನ ಉಕ್ಕಿನ ಪಟ್ಟಿಗೆ ಮಾಡುತ್ತದೆ. ಅದು ಸತುವಿನ ಲೇಪವಿರುವ ಪಟ್ಟಿಯಾಗಿರಲಿ, ಚೌಕಟ್ಟಿನ ಟೊಳ್ಳಿನೊಳಗೆ ನೀರು ಹರಿಯುವ ಕೋಣೆ ಬೇರೆ, ಪಟ್ಟಿ ಇರುವ ಕೋಣೆ ಬೇರೆ ಇರಲಿ.

ಮನೆಯವರ ಮರದ ಆಸೆಗೆ ನನ್ನ ಸಹಾನುಭೂತಿಯಿದೆ. ಹಲಸು, ಸಾಗುವಾನಿ, ಕಿರಾಲುಬೋಗಿಯ ದಾರಂದಗಳನ್ನು ನೋಡಿ ಬೆಳೆದವರು ನಾವು. ಆದರೆ ಆ ಮನೆಗಳಿಗೆ ಇಳಿಜಾರು ಹಂಚಿನ ಮಾಡು ಇತ್ತು, ಮುಂದೆ ಚಾವಡಿ ಇತ್ತು, ಮಳೆ ಬಾಗಿಲಿನ ತನಕ ಬರುತ್ತಿರಲಿಲ್ಲ. ಐದನೇ ಮಹಡಿಯಲ್ಲಿ ಆ ರಕ್ಷಣೆ ಎಲ್ಲಿದೆ? ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ತೇವಕ್ಕೆ ಉಬ್ಬಿದ ಮರ ಟ್ರ್ಯಾಕಿನಲ್ಲಿ ಸಿಕ್ಕಿಹಾಕಿಕೊಂಡರೆ ಮತ್ತೆ ನನಗೇ ಪತ್ರ ಬರೆಯುತ್ತೀರಿ.

ಹೊರಗಿನಿಂದ ಕಾಣುವ ಬಣ್ಣ ಬದಲಿಸುವ ಮೊದಲು ನಿಮ್ಮ ಸಂಘದ ಬೈಲಾ ಓದಿ, ಒಪ್ಪಿಗೆ ಬರವಣಿಗೆಯಲ್ಲಿ ಪಡೆಯಿರಿ. ಇನ್ನು, ಎಳೆದರೆ ಬಾರದು ಎಂಬ ಒಂದೇ ಕಾರಣಕ್ಕೆ ಇಡೀ ಬಾಗಿಲು ತೆಗೆಸಬೇಕಾಗಿಲ್ಲ. ಬರಿಯ ರೋಲರ್ ಸವೆದಿದ್ದರೆ ಅದನ್ನಷ್ಟೇ ಬದಲಿಸಬಹುದು. ಟ್ರ್ಯಾಕೇ ತಿಂದುಹೋಗಿದ್ದರೆ ಮಾತ್ರ ಹೊಸದು.

ನೀವು ಕೇಳದ ಒಂದನ್ನು ಹೇಳದೆ ಬಿಡಲಾರೆ, ಏಕೆಂದರೆ ಜೂನ್ ಬಂದೊಡನೆ ಕೇಳುವುದು ಅದನ್ನೇ: ಹೊಸ ಬಾಗಿಲು ಹಾಕಿಸಿಯೂ ನೀರು ಒಳಗೆ ಬರುತ್ತದೆ! ಚೌಕಟ್ಟು ಯಾವುದಾದರೂ ನೀರು ಬರುವ ಮುಖ್ಯ ದಾರಿ ಒಂದೇ, ಕೆಳಗಿನ ಟ್ರ್ಯಾಕ್. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ನೀರನ್ನು ಸುಮಾರು 17 ಮಿಲಿಮೀಟರ್ ಮೇಲೆತ್ತಬಲ್ಲದು. ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಕಟ್ಟಡಗಳ ಗಾಳಿಯ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರಲ್ಲಿ ಮಂಗಳೂರಿಗೆ ಮೂಲ ವೇಗವೆಂದು ಕೊಟ್ಟಿರುವುದು ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಟ್ರ್ಯಾಕಿನ ಒಳಬದಿಯ ಗೋಡೆ ಗಿಡ್ಡವಾಗಿದ್ದರೆ ಜೋರು ಗಾಳಿಗೆ ನೀರು ಅದನ್ನು ಹತ್ತಿಯೇ ಹತ್ತುತ್ತದೆ. ಎಡವುತ್ತದೆಂದು ಅದನ್ನು ಗಿಡ್ಡ ಮಾಡಿಸಿಕೊಳ್ಳುವವರೇ ಆಮೇಲೆ ಒರೆಸುವ ಬಟ್ಟೆ ಹಿಡಿದು ಕೂರುತ್ತಾರೆ. ಟ್ರ್ಯಾಕಿನ ನೀರು ಹೊರಹೋಗುವ ತೂತುಗಳು ಹೊರಬದಿಯಲ್ಲಿ ತೆರೆದಿರಬೇಕು. ಚಂದಕ್ಕೆಂದು ಅದರ ಮೇಲೆ ಸಿಲಿಕೋನ್ ಬಳಿದುಬಿಡುವ ಕೆಲಸಗಾರರಿದ್ದಾರೆ. ಟ್ರ್ಯಾಕಿನ ತಳಕ್ಕೇ ಸ್ಕ್ರೂ ಹೊಡೆದು ನೆಲಕ್ಕೆ ಬಿಗಿಯುವುದೂ ಬೇಡ, ಅಲ್ಲಿಂದ ನೀರು ನೇರವಾಗಿ ಕೆಳಗಿನವರ ಸೂರಿಗೆ ಇಳಿಯುತ್ತದೆ. ಕೆಲಸ ಮುಗಿದ ದಿನ ಟ್ರ್ಯಾಕಿಗೆ ಒಂದು ಬಾಲ್ದಿ ನೀರು ಸುರಿದು, ಅದು ಹೊರಗೆ ಹರಿದುಹೋದ ಮೇಲಷ್ಟೇ ಉಳಿದ ಹಣ ಕೊಡಿ.

ಸೊಳ್ಳೆ ಪರದೆಯನ್ನೂ ಈಗಲೇ ಯೋಚಿಸಿ. ಮಲೇರಿಯಾಕ್ಕೆ ಹೆಸರಾದ ಊರು ನಮ್ಮದು. ಮೂರು ಟ್ರ್ಯಾಕಿನ ಚೌಕಟ್ಟು ಹೇಳಿ, ಜಾಲರಿ ಫೈಬರ್‌ಗ್ಲಾಸಿನದೋ 316 ಉಕ್ಕಿನದೋ ಇರಲಿ. ಎರಡು ಟ್ರ್ಯಾಕಿನ ಬಾಗಿಲಿಗೆ ಆಮೇಲೆ ಮೂರನೆಯದನ್ನು ಸೇರಿಸಲು ಬರುವುದಿಲ್ಲ.