ತೇಲುವ ಹನಿಯ ಆಯಸ್ಸು

ಚಳಿಗೂ ನೆಗಡಿಗೂ ಕನ್ನಡದಲ್ಲಿ ಒಂದೇ ಹೆಸರು: ಶೀತ. ವೈರಸ್ ಇಲ್ಲದೆ ಬರಿಯ ಚಳಿಯಿಂದ ಯಾರಿಗೂ ನೆಗಡಿ ಹತ್ತುವುದಿಲ್ಲ, ನಿಜ. ಹಾಗೆಂದು ಆ ಹೆಸರಿಟ್ಟವರು ಪೂರ್ತಿ ತಪ್ಪಿದ್ದರು ಎನ್ನಲೂ ನನಗೆ ಮನಸ್ಸಿಲ್ಲ.

ಕೆಮ್ಮಿದಾಗ ಹೊರಬೀಳುವ ಹನಿಯನ್ನೇ ಹಿಂಬಾಲಿಸೋಣ. ಅದರಲ್ಲಿ ನೀರಿನ ಜೊತೆ ಉಪ್ಪು, ಲೋಳೆ, ನಡುವೆ ವೈರಸ್ ಇರುತ್ತವೆ. ದೊಡ್ಡ ಹನಿ ಕ್ಷಣಗಳಲ್ಲಿ ನೆಲ ಸೇರುತ್ತದೆ. ಸಣ್ಣದು ನೆಲ ಮುಟ್ಟುವ ಮೊದಲೇ ಆರಿ ಇನ್ನಷ್ಟು ಕುಗ್ಗುತ್ತದೆ. ಅಮೆರಿಕದ ವಿಜ್ಞಾನಿ ವಿಲಿಯಂ ವೆಲ್ಸ್ 1934ರಲ್ಲೇ ಈ ಲೆಕ್ಕ ಹಾಕಿದ್ದರು. 5 ಮೈಕ್ರೊಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೊಮೀಟರ್) ಗಾತ್ರದ ಕಣ ನಿಶ್ಚಲ ಗಾಳಿಯಲ್ಲಿ ಬಾಯಿಯ ಎತ್ತರದಿಂದ ನೆಲಕ್ಕಿಳಿಯಲು ಸುಮಾರು ಅರ್ಧ ಗಂಟೆ ಬೇಕು. 1 ಮೈಕ್ರೊಮೀಟರಿನದ್ದಕ್ಕೆ ಹಲವು ಗಂಟೆ.

ಅಷ್ಟು ಹೊತ್ತು ವೈರಸ್ ಬದುಕಿರುತ್ತದೆಯೇ? ಗಾಳಿಯಲ್ಲಿ ತೇವ ಮಧ್ಯಮವಾಗಿದ್ದರೆ ಹನಿ ಅರೆಬರೆ ಆರಿ, ಗಾಢವಾದ ಉಪ್ಪುನೀರು ವೈರಸ್ಸನ್ನು ಹಾಳುಗೆಡವುತ್ತದೆ. ಗಾಳಿ ತೀರಾ ಒಣಗಿದ್ದರೆ ಉಪ್ಪು ಹರಳುಗಟ್ಟುತ್ತದೆ, ಫ್ಲೂ ವೈರಸ್ ಬಚಾವಾಗುತ್ತದೆ. ಚಳಿಗಾಲದ ಮನೆಯೊಳಗೆ ಆಗುವುದು ಇದೇ. ಸೊನ್ನೆ ಡಿಗ್ರಿಯ ಗಾಳಿ ಘನಮೀಟರಿಗೆ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹಿಡಿದೀತು. ಅದನ್ನೇ ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ 17 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ, ಇರುವುದು ಮಾತ್ರ ಅದೇ 5. ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, ಶೇ. 30ಕ್ಕಿಂತ ಕೆಳಗೆ ಕುಸಿಯುತ್ತದೆ.

2007ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಇದನ್ನು ಗಿನಿಯಿಲಿಗಳಲ್ಲಿ ಪರೀಕ್ಷಿಸಿದರು. ಅವುಗಳಿಗೂ ಫ್ಲೂ ಹತ್ತುತ್ತದೆ ಎಂಬ ಸುಳಿವು ಸಿಕ್ಕಿದ್ದು 1918ರ ಮಹಾಮಾರಿಯ ಕಾಲದ ಹಳೆಯ ವರದಿಯೊಂದರಲ್ಲಿ! 20 ಡಿಗ್ರಿಯಲ್ಲಿ ಒಣ ಗಾಳಿಯಿದ್ದಾಗ ರೋಗ ಒಂದು ಪಂಜರದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಿತು. ಆರ್ದ್ರತೆಯನ್ನು ಶೇ. 80ಕ್ಕೇರಿಸಿದಾಗ ದಾಟಲಿಲ್ಲ. 5 ಡಿಗ್ರಿಯ ಚಳಿಯಲ್ಲಿ ಇನ್ನೂ ಚೆನ್ನಾಗಿ ಹರಡಿತು. 30 ಡಿಗ್ರಿಯಲ್ಲಿ ನಿಂತೇಹೋಯಿತು.

ಹಾಗಿದ್ದರೆ ಉಷ್ಣವಲಯದ ಅನೇಕ ಕಡೆ ಫ್ಲೂ ಮಳೆಗಾಲದಲ್ಲೇ ಏರುವುದೇಕೆ? ತೇವದ ಲೆಕ್ಕವೊಂದೇ ಇಲ್ಲಿ ಸಾಲದು. ಮಳೆ ಬಂದಾಗ ಜನ ಒಳಗೆ ಸೇರುತ್ತಾರೆ, ಕಿಟಕಿ ಮುಚ್ಚುತ್ತಾರೆ. ನನ್ನ ಮಟ್ಟಿಗೆ ಹವಾಮಾನಕ್ಕಿಂತ ದೊಡ್ಡ ಅಪರಾಧಿ ಆ ಮುಚ್ಚಿದ ಕಿಟಕಿಯೇ. 1977ರಲ್ಲಿ ಅಲಾಸ್ಕಾದಲ್ಲಿ ಎಂಜಿನ್ ಕೆಟ್ಟು ಒಂದು ವಿಮಾನ ಗಂಟೆಗಟ್ಟಲೆ ನೆಲದ ಮೇಲೇ ನಿಂತಿತು. ಗಾಳಿಯಾಡುವ ವ್ಯವಸ್ಥೆ ಬಂದ್ ಆಗಿತ್ತು, ಒಳಗೆ ಒಬ್ಬರಿಗೆ ಫ್ಲೂ ಇತ್ತು. ಮೂರು ದಿನಗಳೊಳಗೆ ಪ್ರಯಾಣಿಕರಲ್ಲಿ ಶೇ. 72ರಷ್ಟು ಮಂದಿ ಮಲಗಿದರು.

ಕೋಣೆಯ ಗಾಳಿ ಎಷ್ಟು ಹಳಸಿದೆ ಎಂದು ಇಂಗಾಲದ ಡೈಆಕ್ಸೈಡ್ ಮೀಟರ್ ಹೇಳುತ್ತದೆ. ಹೊರಗಿನ ಗಾಳಿಯಲ್ಲಿ ಅದು ದಶಲಕ್ಷಕ್ಕೆ ಸುಮಾರು 420 ಭಾಗ, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಬಾಗಿಲು ಮುಚ್ಚಿದ, ಜನ ತುಂಬಿದ ಕೋಣೆಯಲ್ಲಿ ಮುಳ್ಳು 2,000 ತೋರಿಸುತ್ತಿದ್ದರೆ, ಅಲ್ಲಿ ನೀವು ಎಳೆದುಕೊಳ್ಳುವ ಗಾಳಿಯ ಇಪ್ಪತ್ತೈದರಲ್ಲೊಂದು ಪಾಲು ಆಗಲೇ ಯಾರದೋ ಶ್ವಾಸಕೋಶ ಹೊಕ್ಕು ಬಂದದ್ದು.